ಆಟ ಭಾನುವಾರದ್ದು, ಕಾಲು ಸೋಮವಾರಕ್ಕೂ ಬೇಕು

ಹವ್ಯಾಸಕ್ಕಾಗಿ ಒಳಾಂಗಣ ಫುಟ್‌ಬಾಲ್ ಆಡುವ ಮಹಿಳೆಯರ ಪ್ರಶ್ನೆಗಳಿಗೆ ರೆಫರಿಯೊಬ್ಬರ ಉತ್ತರ

ಪ್ರಶ್ನೆ: ನಮ್ಮದು ಮೂರು ಅಪಾರ್ಟ್‌ಮೆಂಟುಗಳ ಹೆಂಗಸರ ಗುಂಪು. ಇಷ್ಟು ದಿನ ಟರ್ಫ್ ಬಾಡಿಗೆಗೆ ಹಿಡಿದು ಸುಮ್ಮನೆ ಆಡಿಕೊಂಡಿದ್ದೆವು. ಈಗ ಎಂಟು ತಂಡ ಮಾಡಿ ಲೀಗ್ ನಡೆಸುವ ಉಮೇದು ಬಂದಿದೆ. ಹನ್ನೊಂದು ಜನರ ಫುಟ್‌ಬಾಲ್ ನಿಯಮವೇ ಸಾಕು ಎಂದು ಕೆಲವರು, ಫುಟ್ಸಾಲ್ ನಿಯಮ ಬೇಕು ಎಂದು ಕೆಲವರು. ಯಾವುದು ಸರಿ?
– ಸಂಚಾಲಕಿ, ಜೆ.ಪಿ. ನಗರ, ಬೆಂಗಳೂರು

ಉತ್ತರ: ಫುಟ್ಸಾಲ್ ನಿಯಮವನ್ನೇ ಹಿಡಿಯಿರಿ. ಹನ್ನೊಂದು ಜನರ ನಿಯಮವನ್ನು ಟರ್ಫ್‌ಗೆ ತಂದರೆ ಹತ್ತು ನಿಮಿಷದೊಳಗೆ ಆಫ್‌ಸೈಡ್ ಜಗಳ ಶುರುವಾಗುತ್ತದೆ. ಫುಟ್ಸಾಲ್‌ನಲ್ಲಿ ಆಫ್‌ಸೈಡೇ ಇಲ್ಲ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊ ನಗರದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ವೈಎಂಸಿಎ ಶಿಕ್ಷಕರು ಈ ಆಟವನ್ನು ರೂಪಿಸಿದ್ದೇ ಚಿಕ್ಕ ಜಾಗಕ್ಕಾಗಿ. ತಂಡಕ್ಕೆ ಐವರು ಎಂಬುದನ್ನು ಬ್ಯಾಸ್ಕೆಟ್‌ಬಾಲ್‌ನಿಂದ, ಗೋಲ್‌ಕೀಪರ್ ನಿಯಮಗಳನ್ನು ವಾಟರ್ ಪೋಲೊದಿಂದ, ಅಂಕಣದ ಅಳತೆಯನ್ನು ಹ್ಯಾಂಡ್‌ಬಾಲ್‌ನಿಂದ ತೆಗೆದುಕೊಂಡರಂತೆ.

ಫಿಫಾದ ಫುಟ್ಸಾಲ್ ಪುಸ್ತಕ ದಪ್ಪಗಿದೆ, ನಿಮಗೆ ಎರಡು ಪುಟ ಸಾಕು. ಗೋಲ್‌ಕೀಪರ್ ಸೇರಿ ಐವರು. 4ನೇ ಸೈಜಿನ, ಕಡಿಮೆ ಪುಟಿಯುವ ಚೆಂಡು. ಚೆಂಡು ಪಕ್ಕದ ಗೆರೆ ದಾಟಿದರೆ ಕೈಯಿಂದ ಎಸೆಯುವಂತಿಲ್ಲ, ಗೆರೆಯ ಮೇಲಿಟ್ಟು ಕಾಲಿನಿಂದ ಒಳಗೆ ಒದೆಯಬೇಕು. ಅದಕ್ಕೆ ಸಮಯ 4 ಸೆಕೆಂಡು. ಹಾಗೆ ಒದ್ದ ಚೆಂಡು ಯಾರಿಗೂ ತಾಗದೆ ನೇರ ಗೋಲಿನೊಳಗೆ ಹೋದರೆ ಅದು ಗೋಲಲ್ಲ. ಆಟ ನಿಲ್ಲಿಸದೆ ಎಷ್ಟು ಸಲ ಬೇಕಾದರೂ ಆಟಗಾರ್ತಿಯರನ್ನು ಬದಲಿಸಬಹುದು, ಆದರೆ ಒಬ್ಬರು ಹೊರಗೆ ಬಂದ ಮೇಲೆಯೇ ಇನ್ನೊಬ್ಬರು ಒಳಗೆ.

ಎರಡು ವಿಷಯವನ್ನು ಮಾತ್ರ ನೀವೇ ಕೂತು ತೀರ್ಮಾನಿಸಬೇಕು. ಒಂದು, ಬಲೆ. ನಮ್ಮ ಟರ್ಫ್‌ಗಳಿಗೆ ಸುತ್ತಲೂ ಬಲೆ, ಎಷ್ಟೋ ಕಡೆ ನೆತ್ತಿಯ ಮೇಲೂ ಬಲೆ. ಪಕ್ಕದ ಬಲೆಗೆ ಬಡಿದು ವಾಪಸ್ ಬಂದ ಚೆಂಡು ಆಟದಲ್ಲಿದೆಯೋ ಹೊರಗಾಯಿತೋ? ಮೇಲಿನ ಬಲೆಗೆ ತಾಗಿದರೆ ಚೆಂಡು ಯಾರದ್ದು? ಹೊರಗೆ ಎಂದು ಬರೆದುಕೊಳ್ಳುವುದೇ ಸುಲಭ. ಮೇಲಿನ ಬಲೆಗೆ ತಾಗಿಸಿದರೆ ಎದುರಾಳಿ ತಂಡಕ್ಕೆ ಪಕ್ಕದ ಗೆರೆಯಿಂದ ಕಿಕ್. ಎರಡು, ಸಮಯ. ಫಿಫಾ ಲೆಕ್ಕದಲ್ಲಿ ಚೆಂಡು ನಿಂತಾಗಲೆಲ್ಲ ಗಡಿಯಾರವೂ ನಿಲ್ಲುತ್ತದೆ. 20 ನಿಮಿಷದ ಒಂದು ಅವಧಿ ಮುಗಿಯಲು ಅರ್ಧ ಗಂಟೆಗೂ ಮೀರಬಹುದು. ಟರ್ಫ್ ಸಿಗುವುದು ಗಂಟೆ ಲೆಕ್ಕದಲ್ಲಿ, ಮುಂದಿನ ಬುಕಿಂಗ್‌ನವರು ಶೂ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಹಾಗಾಗಿ ನಿಲ್ಲದ ಗಡಿಯಾರದಲ್ಲಿ 20 ನಿಮಿಷ, 5 ನಿಮಿಷ ವಿರಾಮ, ಮತ್ತೆ 20. ಉಳಿದದ್ದು ವಾರ್ಮ್‌ಅಪ್‌ಗೆ.

ಏನು ಬಿಟ್ಟರೂ ಆರನೇ ಫೌಲಿನ ನಿಯಮವನ್ನು ಬಿಡಬೇಡಿ. ಒಂದು ಅವಧಿಯಲ್ಲಿ ತಂಡವೊಂದು ಐದು ಫೌಲ್ ಮಾಡಿದ ಮೇಲೆ ಆರನೆಯದಕ್ಕೆ ಮತ್ತು ಆಮೇಲಿನ ಪ್ರತಿಯೊಂದಕ್ಕೂ ಎದುರಾಳಿಗೆ ಗೋಡೆಯಿಲ್ಲದ ಫ್ರೀ ಕಿಕ್, 10 ಮೀಟರ್ ದೂರದಿಂದ. ಎದುರಿಗೆ ಗೋಲ್‌ಕೀಪರ್ ಒಬ್ಬಳೇ. ತಳ್ಳಾಟ, ಬಟ್ಟೆ ಜಗ್ಗಾಟ ಇದರಿಂದ ಕಡಿಮೆಯಾಗುವಷ್ಟು ಹಳದಿ ಕಾರ್ಡಿನಿಂದಲೂ ಆಗುವುದಿಲ್ಲ. ಲೆಕ್ಕ ಬರೆಯಲು ಗೆರೆಯಾಚೆ ಒಬ್ಬರನ್ನು ಕೂರಿಸಿ, ಕೈಗೆ ಪೆನ್ನು ಕೊಡಿ.

ಪ್ರಶ್ನೆ: ಹೆಂಗಸರು ಅಂತ ಗೋಲು ಚಿಕ್ಕದು, ಸಮಯ ಕಡಿಮೆ ಮಾಡಬೇಕೇ? ನಮ್ಮ ಟರ್ಫ್ ಮಾಲೀಕರ ಸಲಹೆ ಇದು.
– ಕಾಲೇಜು ಉಪನ್ಯಾಸಕಿ, ತುಮಕೂರು

ಉತ್ತರ: ಬೇಕಿಲ್ಲ. ಫಿಫಾ ಗಂಡಸರಿಗೆ ಫುಟ್ಸಾಲ್ ವಿಶ್ವಕಪ್ ಶುರು ಮಾಡಿದ್ದು 1989ರಲ್ಲಿ. ಹೆಂಗಸರ ಮೊದಲ ವಿಶ್ವಕಪ್ ನಡೆದದ್ದು 2025ರಲ್ಲಿ, ಫಿಲಿಪ್ಪೀನ್ಸ್‌ನಲ್ಲಿ, ಗೆದ್ದದ್ದು ಬ್ರೆಜಿಲ್. ಕಾಯಿಸಿದ್ದು 36 ವರ್ಷವಾದರೂ ಗೋಲಿನ ಅಳತೆ ಅದೇ 3 ಮೀಟರ್ ಅಗಲ, 2 ಮೀಟರ್ ಎತ್ತರ. ಆಟದ ಅವಧಿಯೂ ಅಷ್ಟೇ. ನಿಮ್ಮಲ್ಲಿ ವಯಸ್ಸಾದವರು, ಹೊಸಬರು ಹೆಚ್ಚಿದ್ದರೆ 15 ನಿಮಿಷದ ಅವಧಿ ಇಟ್ಟುಕೊಳ್ಳಿ. ಅದಕ್ಕೆ ಕಾರಣ ದಮ್ಮು, ಹೆಣ್ತನ ಅಲ್ಲ.

ಪ್ರಶ್ನೆ: ನಮ್ಮ ಲೀಗ್‌ನಲ್ಲಿ ಮದುವೆಯಾದವರೇ ಹೆಚ್ಚು. ಮೊದಲ ಪಂದ್ಯದ ದಿನ ರೆಫರಿ ಮಾಂಗಲ್ಯ, ಬಳೆ, ಮೂಗುತಿ, ಕಾಲುಂಗುರ ಎಲ್ಲ ತೆಗೆಯಿರಿ ಎಂದರು. ಇಬ್ಬರು ಅತ್ತುಕೊಂಡು ಮನೆಗೆ ಹೋದರು. ಟೀಶರ್ಟ್ ಒಳಗೆ ಸೇರಿಸಿಕೊಂಡರೆ, ಟೇಪ್ ಸುತ್ತಿಕೊಂಡರೆ ಸಾಲದೇ?
– ತಂಡದ ನಾಯಕಿ, ಮೈಸೂರು

ಉತ್ತರ: ನಿಯಮ ಖಚಿತವಾಗಿದೆ. ಯಾವ ಆಭರಣವೂ ಇರುವಂತಿಲ್ಲ, ಟೇಪ್ ಸುತ್ತಿ ಮುಚ್ಚುವುದಕ್ಕೂ ಅನುಮತಿ ಇಲ್ಲ. ರೆಫರಿ ಹೇಳಿದ್ದು ಸರಿ. ಆದರೆ ಅವರು ಅದನ್ನು ಹೇಳಿದ ಜಾಗ, ಹೊತ್ತು ಎರಡೂ ತಪ್ಪು.

ಮೊದಲು ಕಾರಣ ನೋಡೋಣ. ಬಳೆ ಒಡೆದರೆ ಗಾಜು ಇಬ್ಬರಿಗೂ ಚುಚ್ಚುತ್ತದೆ. ಕತ್ತಿನ ಸರಕ್ಕೆ ಎದುರಾಳಿಯ ಬೆರಳು ಸಿಕ್ಕರೆ ಸರ ಹರಿಯಬಹುದು, ಹರಿಯದಿದ್ದರೆ ಇನ್ನೂ ಕಷ್ಟ, ಕತ್ತಿಗೇ ಬಂತು. ಕರಿಮಣಿ ಉದುರಿದ ಮರದ ನೆಲದ ಮೇಲೆ ಓಡುವುದನ್ನು ಊಹಿಸಿಕೊಳ್ಳಿ. ಎಲ್ಲಕ್ಕಿಂತ ಅಪಾಯ ಕೈಯ ಉಂಗುರ. ಗೋಲ್‌ಕೀಪರ್ ಬೀಳುವಾಗ ಉಂಗುರ ಬಲೆಗೆ ಸಿಕ್ಕಿಕೊಂಡರೆ ಬೆರಳಿನ ಚರ್ಮವೇ ಕಿತ್ತು ಬರುತ್ತದೆ, ಕೆಲವೊಮ್ಮೆ ಬೆರಳೇ ಉಳಿಯುವುದಿಲ್ಲ. ಮೂಗುತಿ ಹಾಕಿದ ಮುಖಕ್ಕೆ ಹತ್ತಿರದಿಂದ ಬಂದ ಚೆಂಡು ಬಡಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ. ಕಾಲುಂಗುರ ಶೂ ಒಳಗಿರುತ್ತದಲ್ಲ ಎನ್ನುತ್ತೀರಿ. ಮೇಲಿಂದ ಯಾರಾದರೂ ತುಳಿದು ಬೆರಳು ಊದಿಕೊಂಡರೆ ಅದನ್ನು ಕತ್ತರಿಸಿಯೇ ತೆಗೆಯಬೇಕು. ತಲೆಯ ಕ್ಲಚ್ ಕ್ಲಿಪ್, ಹೇರ್‌ಪಿನ್‌ಗಳೂ ಇದೇ ಸಾಲಿಗೆ ಸೇರುತ್ತವೆ. ಬಟ್ಟೆ ಸುತ್ತಿದ ರಬ್ಬರ್ ಬ್ಯಾಂಡಿಗೆ ಅಡ್ಡಿಯಿಲ್ಲ.

ಇನ್ನು ನೀವು ಮಾಡಬೇಕಾದದ್ದು. ಈ ನಿಯಮವನ್ನು ನೋಂದಣಿ ಫಾರಂನ ಮೊದಲ ಪುಟದಲ್ಲೇ ಹಾಕಿ. ತಾಳಿ ತೆಗೆಯುವುದೋ ಬೇಡವೋ ಎಂಬುದನ್ನು ಆಕೆ ಮನೆಯಲ್ಲಿ, ತನ್ನ ಮನಸ್ಸಿನಲ್ಲಿ ಮೊದಲೇ ಇತ್ಯರ್ಥ ಮಾಡಿಕೊಂಡು ಬರಬೇಕು. ಇಪ್ಪತ್ತು ಜನರ ಎದುರು, ಗೆರೆಯ ಪಕ್ಕದಲ್ಲಿ ಆ ಪ್ರಶ್ನೆ ಎದುರಾಗಬಾರದು. ತೆಗೆದದ್ದನ್ನು ಮನೆಯಲ್ಲೇ ದೇವರ ಮುಂದೆ ಇಟ್ಟು ಬರುವವರು ಇದ್ದಾರೆ. ತಂದವರಿಗೆ ಹೆಸರು ಬರೆದ ಚಿಕ್ಕ ಜಿಪ್ ಚೀಲ ಕೊಟ್ಟು, ತಂಡದ ಹಿರಿಯರೊಬ್ಬರ ಕೈಗೆ ಒಪ್ಪಿಸುವ ವ್ಯವಸ್ಥೆ ಮಾಡಿ. ತೆಗೆಯಲು ಒಪ್ಪದವರ ಮೇಲೆ ಒತ್ತಾಯ ಬೇಡ, ಅವರಿಗೆ ವಿನಾಯಿತಿಯೂ ಬೇಡ. ಅಂಥವರಿಗೆ ಸ್ಕೋರು ಬರೆಯುವ, ಸಮಯ ನೋಡುವ ಕೆಲಸ ಇದೆ, ಲೀಗ್ ಅವರದ್ದೂ ಹೌದು. ಮೂಗು ಹೊಸದಾಗಿ ಚುಚ್ಚಿಸಿಕೊಂಡವರು ಗಾಯ ಮಾಗುವವರೆಗೆ ಕೂತಿರುವುದೇ ಲೇಸು.

ಪ್ರಶ್ನೆ: ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಆಡಲು ನಿಯಮದಲ್ಲಿ ಅವಕಾಶ ಇದೆಯೇ?
– ವಿದ್ಯಾರ್ಥಿನಿ, ಉಳ್ಳಾಲ

ಉತ್ತರ: ಇದೆ. 2011ರಲ್ಲಿ ಇದೇ ಕಾರಣಕ್ಕೆ ಇರಾನ್ ಮಹಿಳಾ ತಂಡಕ್ಕೆ ಒಲಿಂಪಿಕ್ಸ್ ಅರ್ಹತಾ ಪಂದ್ಯ ಆಡಲು ಬಿಡಲಿಲ್ಲ. ಮರುವರ್ಷ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿ, 2014ರಲ್ಲಿ ಅದು ನಿಯಮಕ್ಕೇ ಸೇರಿತು. ಬಣ್ಣ ಕಪ್ಪು ಅಥವಾ ಅಂಗಿಯ ಮುಖ್ಯ ಬಣ್ಣದ್ದಾಗಿರಬೇಕು, ಅಂಗಿಗೆ ಹೊಲಿದಿರಬಾರದು, ಯಾರಿಗೂ ಅಪಾಯ ಆಗುವಂತಿರಬಾರದು. ಪಿನ್ನು ಹಾಕಿದ್ದು ನಡೆಯುವುದಿಲ್ಲ. ಆಟಕ್ಕೆಂದೇ ಹೊಲಿದ, ತಲೆಗೆ ಅಂಟಿಕೂರುವಂಥದ್ದು ತೆಗೆದುಕೊಳ್ಳಮ್ಮ.

ಪ್ರಶ್ನೆ: ಪಂದ್ಯದ ದಿನ ಒಬ್ಬರು ಕಡಿಮೆ ಬಿದ್ದರೆ ತಂಡದವರೊಬ್ಬರ ಯಜಮಾನರು ಗೋಲಿಗೆ ನಿಲ್ಲಬಹುದೇ? ಅವರೇ ಕಾರು ಓಡಿಸಿಕೊಂಡು ಬಂದಿರುತ್ತಾರೆ.
– ಗೃಹಿಣಿ, ಶಿವಮೊಗ್ಗ

ಉತ್ತರ: ಯಜಮಾನರು ಕಾರಿನಲ್ಲೇ ಕೂತಿರಲಿ. ಫುಟ್ಸಾಲ್‌ನಲ್ಲಿ ಮೂವರಿದ್ದರೂ ಪಂದ್ಯ ಶುರು ಮಾಡಬಹುದು. ಎದುರಾಳಿ ನಾಯಕಿ ಒಪ್ಪಿದರೆ ಆ ದಿನ ಆಟವಿಲ್ಲದ ಇನ್ನೊಂದು ತಂಡದಿಂದ ಒಬ್ಬರನ್ನು ಎರವಲು ಪಡೆಯಿರಿ.

ಪ್ರಶ್ನೆ: ನಮ್ಮದು ಖುಷಿಗೆ ಆಡುವ ಲೀಗ್. ಒಂದು ತಂಡ ಮಾತ್ರ ಯೂನಿವರ್ಸಿಟಿ ಮಟ್ಟದಲ್ಲಿ ಆಡಿದ ನಾಲ್ವರನ್ನು ಕರೆತಂದು ನಮ್ಮನ್ನು 14–0ಯಿಂದ ಸೋಲಿಸಿತು. ಸ್ಲೈಡ್ ಟ್ಯಾಕಲ್ ಬೇರೆ. ಮುಂದಿನ ವಾರ ಯಾರೂ ಬರಲ್ಲ ಅಂತಿದ್ದಾರೆ.
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಹವ್ಯಾಸಿ ಲೀಗುಗಳು ಮುಚ್ಚಿಹೋಗಲು ದುಡ್ಡಿನ ಕೊರತೆಗಿಂತ ಇಂಥ ಪಂದ್ಯಗಳೇ ಹೆಚ್ಚು ಕಾರಣ. ಗೆದ್ದವರಿಗೂ ಹದಿನಾಲ್ಕನೇ ಗೋಲಿನಲ್ಲಿ ಯಾವ ರುಚಿಯೂ ಇರುವುದಿಲ್ಲ.

ನಾಲ್ಕೂ ಜನರನ್ನು ಓಡಿಸಬೇಡಿ. ಚೆನ್ನಾಗಿ ಆಡುವವರ ಪಕ್ಕದಲ್ಲಿ ಆಡಿಯೇ ಉಳಿದವರು ಕಲಿಯುವುದು. ಅವರನ್ನು ಹಂಚಿ. ರಾಜ್ಯ ತಂಡ, ವಿಶ್ವವಿದ್ಯಾಲಯ ಅಥವಾ ಇಂಡಿಯನ್ ವುಮೆನ್ಸ್ ಲೀಗ್‌ನಲ್ಲಿ ಆಡಿದವರು ನೋಂದಣಿಯಲ್ಲೇ ಹೇಳಿಕೊಳ್ಳಬೇಕು, ಒಂದು ತಂಡದಿಂದ ಅಂಥ ಒಬ್ಬರೇ ಒಮ್ಮೆಗೆ ಅಂಕಣದಲ್ಲಿ ಇರಬೇಕು ಎಂದು ಬರೆಯಿರಿ. ಮೂರನೇ ಸುತ್ತಿನ ನಂತರ ಹೊಸ ಹೆಸರು ಸೇರಿಸುವಂತಿಲ್ಲ. ಇಲ್ಲದಿದ್ದರೆ ಸೆಮಿಫೈನಲ್ ದಿನ ಎಲ್ಲಿಂದಲೋ ಹೊಸ ಮುಖಗಳು ಬಂದಿಳಿಯುತ್ತವೆ. ಐದು ಗೋಲಿನ ಅಂತರವಾದರೆ ಹಿಂದೆ ಬಿದ್ದ ತಂಡ ಆರನೆಯವರನ್ನು ಇಳಿಸಲಿ, ಅಂತರ ಮೂರಕ್ಕೆ ಬಂದಾಗ ವಾಪಸ್ ಕರೆಯಲಿ. ಅಂಕಪಟ್ಟಿಯಲ್ಲಿ ಯಾವ ಪಂದ್ಯದ ಗೋಲಂತರವೂ ಐದಕ್ಕಿಂತ ಹೆಚ್ಚು ಎಣಿಕೆಗೆ ಬರದಿದ್ದರೆ ಹದಿನಾಲ್ಕು ಹೊಡೆಯುವ ಹುಮ್ಮಸ್ಸೂ ತಾನಾಗಿ ಇಳಿಯುತ್ತದೆ. ಬಂದವರೆಲ್ಲ ಕನಿಷ್ಠ ಅರ್ಧ ಅವಧಿಯಾದರೂ ಆಡಲೇಬೇಕು ಎಂಬುದೂ ಇರಲಿ. ಶುಲ್ಕ ಕಟ್ಟಿ, ಅಡುಗೆ ಮುಗಿಸಿ, ಬಸ್ಸು ಹಿಡಿದು ಬಂದವರು ನೀರಿನ ಬಾಟಲಿ ಕಾಯಲು ಬಂದಿರುವುದಿಲ್ಲ.

ಸ್ಲೈಡ್ ಟ್ಯಾಕಲ್ ವಿಷಯ. ಫಿಫಾ ಫುಟ್ಸಾಲ್ ನಿಯಮ ಅದನ್ನು ಪೂರ್ತಿ ನಿಷೇಧಿಸಿಲ್ಲ. ನೀವು ನಿಷೇಧಿಸಿ. ಕೃತಕ ಹುಲ್ಲಿನ ಮೇಲೆ ಜಾರಿದರೆ ತೊಡೆಯ ಚರ್ಮ ಸುಲಿದು ವಾರಗಟ್ಟಲೆ ಉರಿಯುತ್ತದೆ, ಎದುರಿಗಿರುವವರ ಕಣಕಾಲಿಗಂತೂ ರಕ್ಷಣೆಯೇ ಇಲ್ಲ. ಎದುರಾಳಿ ಹತ್ತಿರದಲ್ಲಿದ್ದಾಗ ಯಾರೇ ಜಾರಿದರೂ, ಚೆಂಡಿಗೆ ತಾಗಲಿ ಬಿಡಲಿ, ಫೌಲ್. ಗೋಲ್‌ಕೀಪರ್ ತನ್ನ ಪೆನಾಲ್ಟಿ ಆವರಣದೊಳಗೆ ಕೈ ಮುಂದೆ ಮಾಡಿ ಬೀಳಬಹುದು, ಕಾಲು ಮುಂದೆ ಮಾಡಿ ಅಲ್ಲ.

ಪ್ರಶ್ನೆ: ಇಲ್ಲಿನ ಒಳಾಂಗಣ ಲೀಗ್‌ಗೆ ಹೋದ ತಿಂಗಳು ಸೇರಿದೆ. ಸುತ್ತ ಗೋಡೆ, ಚೆಂಡು ಗೋಡೆಗೆ ಬಡಿದರೂ ಆಟ ನಿಲ್ಲುವುದಿಲ್ಲ. ನನಗೆ ನೀಲಿ ಕಾರ್ಡ್ ತೋರಿಸಿದರು! ಬೆಂಗಳೂರಿನಲ್ಲಿ ಅಂಥದ್ದು ನೋಡಿಯೇ ಇರಲಿಲ್ಲ.
– ಕನ್ನಡತಿ, ಎಡಿಸನ್, ನ್ಯೂಜೆರ್ಸಿ

ಉತ್ತರ: ನೀವು ಸೇರಿರುವುದು ಬೇರೆಯೇ ಆಟಕ್ಕೆ. ಐಸ್ ಹಾಕಿ ಅಂಕಣದ ಮಾದರಿಯಲ್ಲಿ ಅಮೆರಿಕದಲ್ಲಿ ಬೆಳೆದ ಇಂಡೋರ್ ಸಾಕರ್ ಅದು, ನೀಲಿ ಕಾರ್ಡೂ ಹಾಕಿಯ ಎರಡು ನಿಮಿಷದ ಶಿಕ್ಷೆಯ ಸಂಬಂಧಿ. ಅದು ಸಿಕ್ಕವರು ಎರಡು ನಿಮಿಷ ಹೊರಗೆ, ಅಷ್ಟು ಹೊತ್ತು ತಂಡದಲ್ಲಿ ಒಬ್ಬರು ಕಡಿಮೆ. ಎದುರಾಳಿ ಗೋಲು ಹೊಡೆದರೆ ಸಾಮಾನ್ಯವಾಗಿ ಶಿಕ್ಷೆ ಅಲ್ಲಿಗೇ ಮುಗಿಯುತ್ತದೆ. ಎದುರಾಳಿಯನ್ನು ಗೋಡೆಗೆ ಒತ್ತುವುದು ಅಲ್ಲಿ ದೊಡ್ಡ ತಪ್ಪು. ನೀವು ಮಾಡಿದ್ದು ಅದೇ ಇರಬಹುದು. ಚೆಂಡು ಛಾವಣಿಗೆ ತಾಗಿದರೆ ಎದುರಾಳಿಗೆ ಫ್ರೀ ಕಿಕ್. ಅಂಕಣದ ಮೂರು ಗೆರೆಗಳನ್ನು ಯಾರಿಗೂ, ಗೋಡೆಗೂ ತಾಗದೆ ಗಾಳಿಯಲ್ಲೇ ದಾಟಿಸಿದರೂ ಎಷ್ಟೋ ಲೀಗ್‌ಗಳಲ್ಲಿ ತಪ್ಪು. ವಿವರಗಳು ಅಂಕಣದಿಂದ ಅಂಕಣಕ್ಕೆ ಬದಲಾಗುತ್ತವೆ, ಹಾಗಾಗಿ ನಿಮ್ಮ ಲೀಗ್‌ನ ಹಾಳೆಯನ್ನು ಕೇಳಿ ಪಡೆದು ಓದಿ. ಗೋಡೆಯನ್ನು ಐದನೇ ಗೆಳತಿ ಎಂದುಕೊಂಡು ಅದಕ್ಕೇ ಪಾಸ್ ಕೊಡಲು ಕಲಿತರೆ ಆಟ ಹಿಡಿಸುತ್ತದೆ.

ಪ್ರಶ್ನೆ: ನನಗೆ 41. ಶಾಲೆಯಲ್ಲಿ ಖೋ ಖೋ ಆಡಿದ್ದು ಬಿಟ್ಟರೆ ಏನೂ ಇಲ್ಲ. ಮಂಡಿಯದ್ದೇ ಭಯ. ಮಗನ ಸ್ಟಡ್ ಶೂ ಹಾಕಿಕೊಳ್ಳಬಹುದೇ?
– ಶಿಕ್ಷಕಿ, ದಾವಣಗೆರೆ

ಉತ್ತರ: ಮಗನ ಶೂ ಮಗನಿಗೇ ಇರಲಿ. ಉದ್ದ ಸ್ಟಡ್‌ಗಳು ನಿಜವಾದ ಹುಲ್ಲಿಗೆ. ಟರ್ಫ್‌ನಲ್ಲಿ ಅವು ಸಿಕ್ಕಿಕೊಂಡು, ಮೈ ತಿರುಗಿದರೂ ಪಾದ ತಿರುಗದೆ ಮಂಡಿ ಹೊರಳುತ್ತದೆ. ಟರ್ಫ್‌ಗೆ ಸಣ್ಣ ಸಣ್ಣ ರಬ್ಬರ್ ಗುಬುಟುಗಳಿರುವ ಶೂ, ಮರದ ಅಥವಾ ಸಿಮೆಂಟ್ ನೆಲಕ್ಕೆ ಸಪಾಟು ರಬ್ಬರ್ ತಳದ್ದು. ಮೊಣಕಾಲ ಕೆಳಗೆ ಶಿನ್‌ಗಾರ್ಡ್, ಅದರ ಮೇಲೆ ಸಾಕ್ಸ್. ಇದು ಕಡ್ಡಾಯ, ಪ್ರಾಕ್ಟೀಸಿಗೂ.

ಮಂಡಿಯ ಭಯ ಸುಳ್ಳಲ್ಲ. ಮಂಡಿಯೊಳಗಿನ ಎಸಿಎಲ್ ಅಸ್ಥಿರಜ್ಜು ಹರಿಯುವ ಅಪಾಯ ಇದೇ ಆಟ ಆಡುವ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಅದೂ ಹೆಚ್ಚಾಗಿ ಯಾರೂ ಮುಟ್ಟದಿದ್ದಾಗ, ಗಕ್ಕನೆ ನಿಂತು ತಿರುಗುವಾಗ. ಇದಕ್ಕೆ ಫಿಫಾದವರೇ ರೂಪಿಸಿದ ‘11+’ ಎಂಬ ಸುಮಾರು 20 ನಿಮಿಷದ ವಾರ್ಮ್‌ಅಪ್ ಇದೆ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ತಂಡಗಳಿಗೆ ಇದನ್ನು ಮಾಡಿಸಿ ನೋಡಿದಾಗ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು, ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧದಷ್ಟು ಇಳಿದವು. 2008ರಲ್ಲಿ ಅದು ಪ್ರಕಟವಾಯಿತು. ನಿಮ್ಮ ವಯಸ್ಸಿಗೆ ಅಷ್ಟೇ ಲಾಭ ಎಂದು ನಾನು ಹೇಳಲಾರೆ, ಆದರೆ ಒಂದು ಕಾಲಿನ ಮೇಲೆ ನಿಲ್ಲುವುದು, ಮಂಡಿ ಒಳಗೆ ವಾಲದಂತೆ ಕೂತೇಳುವುದು, ಜಿಗಿದು ಮೆತ್ತಗೆ ಇಳಿಯುವುದು ಇವನ್ನು ಮನೆಯಲ್ಲೂ ಮಾಡಬಹುದು. ಹಳೇ ನೋವಿದ್ದರೆ ಫಿಸಿಯೋ ಬಳಿ ಹೋಗಿ ಬಂದು ಆಮೇಲೆ ಚೆಂಡು ಮುಟ್ಟಿ.

ಪ್ರಶ್ನೆ: ನಮ್ಮ ಲೀಗ್‌ನಲ್ಲಿ ರೆಫರಿಗಳೇ ನಿಲ್ಲುವುದಿಲ್ಲ. ಆಡುವವರಿಗಿಂತ ಹೊರಗೆ ನಿಂತ ಮನೆಯವರ ಕೂಗಾಟ ಜಾಸ್ತಿ. ಏನು ಮಾಡೋಣ?
– ಸಂಘಟಕಿ, ಬೆಳಗಾವಿ

ಉತ್ತರ: ಅಂಕಣದ ಹೊರಗಿನವರ ನಡತೆಗೆ ಆಯಾ ತಂಡದ ನಾಯಕಿಯೇ ಹೊಣೆ ಎಂದು ಬರೆಯಿರಿ. ಮೊದಲ ಸಲ ನಾಯಕಿಗೆ ಎಚ್ಚರಿಕೆ, ಎರಡನೇ ಸಲ ಆ ತಂಡದ ಲೆಕ್ಕಕ್ಕೆ ಒಂದು ಫೌಲ್. ಐದು ಫೌಲ್ ಆಗಿದ್ದಾಗ ಭಾವನವರು ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದು ಮನೆಯವರಿಗೆಲ್ಲ ಬೇಗ ಅರ್ಥವಾಗುತ್ತದೆ. ಇದು ಫಿಫಾ ಪುಸ್ತಕದಲ್ಲಿಲ್ಲ, ಹವ್ಯಾಸಿ ಲೀಗ್‌ಗೆ ನಾನು ಕೊಡುವ ಸಲಹೆ. ರೆಫರಿಯ ಜತೆ ಮಾತಾಡುವ ಹಕ್ಕು ನಾಯಕಿಗೆ ಮಾತ್ರ. ದೂರು ಇದ್ದರೆ ಮರುದಿನದೊಳಗೆ ಬರವಣಿಗೆಯಲ್ಲಿ ಕೊಡಲಿ. ಆ ದಿನದ ಫಲಿತಾಂಶ ಬದಲಾಗುವುದಿಲ್ಲ.

ಕೆಂಪು ಕಾರ್ಡ್ ಪಡೆದವರು ಅಂದಿನ ಪಂದ್ಯಕ್ಕೆ ಮರಳುವಂತಿಲ್ಲ. ತಂಡ ಎರಡು ನಿಮಿಷದ ನಂತರ ಬೇರೊಬ್ಬರನ್ನು ಇಳಿಸಬಹುದು. ಮುಂದಿನ ಪಂದ್ಯಕ್ಕೂ ಅವರನ್ನು ಹೊರಗಿಡಿ, ಎಷ್ಟೇ ಒಳ್ಳೆಯ ಗೆಳತಿಯಾದರೂ.

ರೆಫರಿಯ ಓಡಾಟದ ಖರ್ಚು, ಸಣ್ಣ ಸಂಭಾವನೆ ನೋಂದಣಿ ಶುಲ್ಕದಲ್ಲೇ ಸೇರಿರಲಿ. ಆ ದಿನ ಪಂದ್ಯವಿಲ್ಲದ ತಂಡ ಒಬ್ಬರನ್ನು ರೆಫರಿಯಾಗಿ, ಒಬ್ಬರನ್ನು ಲೆಕ್ಕ ಬರೆಯಲು ಕೊಡಬೇಕು ಎಂಬ ಸರದಿ ಹಾಕಿ. ಒಮ್ಮೆ ಸೀಟಿ ಹಿಡಿದು ನಿಂತವರು ಆಮೇಲೆ ರೆಫರಿಯನ್ನು ಬೈಯುವುದು ಕಡಿಮೆ. ನಿಮ್ಮಲ್ಲಿ ಯಾರಿಗಾದರೂ ಆಸಕ್ತಿಯಿದ್ದರೆ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ರೆಫರಿ ಪರೀಕ್ಷೆಯ ಬಗ್ಗೆ ವಿಚಾರಿಸಿ. ಮಹಿಳಾ ಪಂದ್ಯಗಳಿಗೂ ಇವತ್ತು ಹೆಚ್ಚಾಗಿ ಗಂಡಸರೇ ಸೀಟಿ ಊದುತ್ತಿದ್ದಾರೆ. ಬೆಳಗಾವಿಯಿಂದ ಇಬ್ಬರಾದರೂ ಬನ್ನಿ.