ಕೋವಿಗಿಂತ ಮೊದಲು ಅಳತೆ ಕೊಳ್ಳಿ

ನನ್ನದು ನಿಟ್ಟೂರಿನ ಹತ್ತಿರ ಎರಡೂವರೆ ಎಕರೆ ಖುಷ್ಕಿ. ನೀರಾವರಿ ಇಲ್ಲ. ಮಳೆ ನಂಬಿ ಮಕ್ಕಿಗದ್ದೆಯಲ್ಲಿ ಭತ್ತ, ಮೇಲಿನ ಹಕ್ಕಲಿನಲ್ಲಿ ಶುಂಠಿ, ಗೆಣಸು. ಮೂರು ಬದಿಗೂ ಕಾಡು. ಹಂದಿ ಬಂದರೆ ಒಂದೇ ರಾತ್ರಿಗೆ ಗೆಣಸಿನ ಏರಿ ಪೂರಾ ಉತ್ತು ಹೋಗ್ತದೆ. ಹಗಲು ಮಂಗ. ಹಾಗಾಗಿ ನಮ್ಮ ಮನೆಯಲ್ಲಿ ಅಪ್ಪಯ್ಯನ ಕಾಲದಿಂದ ಬೆಳೆರಕ್ಷಣೆ ಲೈಸೆನ್ಸಿನ ಒಂದು ಕೇಪಿನ ಕೋವಿ ಇದೆ. ಅಪ್ಪಯ್ಯ ತೀರಿಕೊಂಡ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಆಯಿತು.

ಕಳೆದ ವರ್ಷ ನನ್ನ ಮಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಅಮೆರಿಕಾದಲ್ಲಿ ಒಬ್ಬ ಹಾರಿಸಿದ ತೋಟೆಗಳನ್ನು ಮನೆಯಲ್ಲೇ ಮೇಜಿನ ಮೇಲೆ ಒಂದು ಯಂತ್ರ ಇಟ್ಟುಕೊಂಡು ಮತ್ತೆ ತುಂಬುತ್ತಿದ್ದ. ‘ಅಪ್ಪ, ನಾವೂ ತೋಟಾ ಕೋವಿಗೆ ಲೈಸೆನ್ಸು ಮಾಡಿಸಿ, ಇಂಥದೊಂದು ಮೆಷೀನು ತರಿಸಿದರೆ ತೋಟೆ ಖರ್ಚು ಉಳೀತದಲ್ಲ?’ ಅಂದ. ಇದೇ ಪ್ರಶ್ನೆ ಇನ್ನೂ ಕೆಲವರ ಮನೆಯಲ್ಲಿ ಬಂದಿರಬಹುದು ಅಂತ ಈ ಲೇಖನ.

ಕಾನೂನು ಏನು ಹೇಳ್ತದೆ

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸುವುದಕ್ಕೆ ಬೇರೆಯೇ ಲೈಸೆನ್ಸು ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸು ಅದಕ್ಕೆ ಸಾಲದು. 2019ರ ತಿದ್ದುಪಡಿಯ ನಂತರ ಈ ಕಲಮು ಮೀರಿದವರಿಗೆ ಕಡಿಮೆ ಎಂದರೆ 7 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ಗೆಣಸು ಉಳಿಸಲು ಹೋಗಿ ಮನೆಯ ಯಜಮಾನನೇ ಇಲ್ಲದಂತಾಗಬಾರದು.

ಅದೇ ಕಾಯಿದೆಯ 13ನೇ ಕಲಮಿನಲ್ಲಿ ರೈತನ ವಿಷಯ ಇದೆ. ನಿಜವಾದ ಬೆಳೆರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡಬಹುದು, ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಕೋವಿ. ಅಂದರೆ ರೈತ ಮನೆಯಲ್ಲಿ ಕೈಯಾರೆ ತುಂಬಬಹುದಾದದ್ದು ಈ ಕೇಪಿನ ಕೋವಿ ಒಂದನ್ನೇ. ಅದಕ್ಕೆ ಏನೇನು ಸಾಮಾನು ಬೇಕು, ಯಾವುದು ಮೊದಲು ಬೇಕು ಅನ್ನುವುದನ್ನು ನಮ್ಮ ಮನೆ ಕಣ್ಣು ಕಳೆದುಕೊಂಡು ಕಲಿತಿದೆ.

ಆ ರಾತ್ರಿ

ನಾನು ಆಗ ಏಳನೇ ಕ್ಲಾಸು ಮುಗಿಸಿ ಗದ್ದೆಗೆ ಇಳಿದಿದ್ದೆ. ಆಷಾಢದ ಮಳೆ. ಸಂಜೆ ಅಣ್ಣ ಕೋವಿ ತುಂಬಿದ್ದ, ಹಂದಿ ಬರಲಿಲ್ಲ, ಕೇಪು ತೆಗೆದು ಗೋಡೆಗೆ ತೂಗುಹಾಕಿ ಮಲಗಿದ. ನಡುರಾತ್ರಿ ಹಂದಿ ಸದ್ದು ಕೇಳಿ ಅಪ್ಪಯ್ಯ ಎದ್ದರು. ಕೇಪಿಲ್ಲ, ಆದ್ದರಿಂದ ಖಾಲಿ ಅಂತ ತಿಳಿದರು. ಕತ್ತಲಲ್ಲಿ ಅಂಗೈ ಗುಂಡಿಯ ಅಳತೆಯಲ್ಲಿ ಮತ್ತೊಂದು ಸಲ ಮದ್ದು ಹೊಯ್ದು, ಕತ್ತ ಒತ್ತಿ, ಹಾರಿಸಿದರು. ಕೇಪು ಕೂರುವ ಮೊಳೆಯೇ ಕಿತ್ತು ಹಿಂದಕ್ಕೆ ಬಂತು. ಬಲಗಣ್ಣು ಹೋಯಿತು. ಅಣ್ಣ ಅವತ್ತಿನಿಂದ ಇವತ್ತಿನವರೆಗೂ ಕೋವಿ ಮುಟ್ಟಿಲ್ಲ. ಅಪ್ಪಯ್ಯ ಅವನನ್ನು ಒಂದು ದಿನವೂ ಬೈಯಲಿಲ್ಲ. ‘ಖಾಲಿ ಹೌದೋ ಅಲ್ಲವೋ ಅಂತ ಕಡ್ಡಿ ಹಾಕಿ ನೋಡದೇ ಇದ್ದದ್ದು ನಾನು’ ಅನ್ನುತ್ತಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ ಒತ್ತುವ ಕಡ್ಡಿಗೆ ಗುರುತು ಹಾಕಿದ್ದು.

ಕೊಳ್ಳುವ ಕ್ರಮ

1. ಹಿತ್ತಾಳೆಯ ಅಳತೆ ಕೊಳವೆ. ಎಲ್ಲಕ್ಕಿಂತ ಮೊದಲು ಇದು. ಅಂಗೈ ಅಳತೆ ಅಳತೆಯಲ್ಲ. ಒದ್ದೆ ಕೈಗೆ ಮದ್ದು ಅಂಟುತ್ತದೆ, ಅವಸರದಲ್ಲಿ ಗುಂಡಿ ದೊಡ್ಡದಾಗುತ್ತದೆ. ಕಬ್ಬಿಣದ್ದು ಬೇಡ, ತಾಗಿ ಕಿಡಿ ಬರುವ ಸಂಭವ ಉಂಟು. ನಿಮ್ಮ ಕೋವಿಯನ್ನು ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ, ನಳಿಗೆಯ ದಪ್ಪ ಪರೀಕ್ಷೆ ಮಾಡಿಸಿ, ಅದಕ್ಕೆ ಎಷ್ಟು ಅಂತ ಅವರಿಂದಲೇ ಅಳತೆ ಗೊತ್ತುಮಾಡಿಸಿಕೊಳ್ಳಿ. ಪಕ್ಕದ ಮನೆಯವರ ಅಳತೆ ನಿಮ್ಮ ಕೋವಿಗಲ್ಲ. ಅದಕ್ಕೇ ನಾನು ಇಲ್ಲಿ ಲೆಕ್ಕ ಬರೆದಿಲ್ಲ. ಮದ್ದಿನ ಡಬ್ಬಿಯಿಂದ ನೇರ ನಳಿಗೆಗೆ ಯಾವತ್ತೂ ಹೊಯ್ಯಬೇಡಿ. ಒಳಗೆ ಹಿಂದಿನ ಕೆಂಡದ ಚೂರು ಇದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ.

ಅಮೆರಿಕಾದ ತೋಟೆ ತುಂಬುವವರೂ ಮದ್ದನ್ನು ತಕ್ಕಡಿಯಲ್ಲಿ ತೂಗಿ ನೋಡುತ್ತಾರೆ, ಮಗನ ಚಿತ್ರದಲ್ಲೂ ಯಂತ್ರದ ಪಕ್ಕ ಸಣ್ಣ ತಕ್ಕಡಿ ಇತ್ತು. ಮಗ ಯಂತ್ರ ಮಾತ್ರ ನೋಡಿದ್ದ.

2. ಗುರುತಿನ ಕಡ್ಡಿ. ಖಾಲಿ ನಳಿಗೆಗೆ ಕಡ್ಡಿ ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಒಂದು ಕೆಂಪು ಗೆರೆ. ಅದು ‘ಖಾಲಿ’. ಸರಿಯಾದ ಅಳತೆ ಮದ್ದು, ಕತ್ತ ಹಾಕಿ ಒತ್ತಿದ ಮೇಲೆ ಬಾಯಿಯ ಮಟ್ಟಕ್ಕೆ ಇನ್ನೊಂದು ಗೆರೆ. ಅದು ‘ತುಂಬಿದೆ’. ತುಂಬುವ ಮೊದಲು ಪ್ರತಿ ಸಲವೂ ಕಡ್ಡಿ ಹಾಕಿ ನೋಡಬೇಕು. ಕಡ್ಡಿ ‘ತುಂಬಿದೆ’ ಗೆರೆಯಲ್ಲೇ ನಿಂತರೆ ಒಳಗೆ ಮದ್ದು ಇದೆ, ಮತ್ತೆ ಹಾಕಬೇಡಿ. ಆ ಗೆರೆ ಬಾಯಿಗಿಂತ ಮೇಲೆಯೇ ಉಳಿದರೆ ಎರಡು ಸಲ ತುಂಬಿದೆ ಅಥವಾ ಕತ್ತ ತಳಕ್ಕೆ ಇಳಿದಿಲ್ಲ ಅಂತ ಅರ್ಥ. ಆ ಕೋವಿ ಹಾರಿಸಲೇಬಾರದು. ಅಪ್ಪಯ್ಯ ಗರಗಸದಿಂದ ಕಚ್ಚು ಮಾಡಿದ್ದರು, ನಾಲ್ಕು ವರ್ಷಕ್ಕೆ ಕಡ್ಡಿ ಅಲ್ಲೇ ಮುರಿಯಿತು. ನಾನು ಈಗ ಬಣ್ಣದ ಗೆರೆ ಹಾಕುತ್ತೇನೆ. ನಮ್ಮ ಕಡೆ ಬಗನಿಯ ನೇರ ಎಳೆಯ ಕಡ್ಡಿ ಒಳ್ಳೆಯದು. ಒತ್ತುವಾಗ ಮುಖ, ಎದೆ ನಳಿಗೆಯ ಬಾಯಿಯ ಮೇಲೆ ಬಾರದಿರಲಿ.

3. ಕತ್ತ ಎಳೆಯುವ ತಿರುಪಿನ ಮೊಳೆ, ಕೇಪಿನ ಮೊಳೆ ಬಿಚ್ಚುವ ಸ್ಪ್ಯಾನರು. ತುಂಬುವುದಕ್ಕಿಂತ ತೆಗೆಯುವ ಸಾಮಾನು ಮುಖ್ಯ. ಹಾರದೆ ಉಳಿದ ಮದ್ದನ್ನು ಹಾಗೇ ಬಿಟ್ಟು ತೂಗುಹಾಕಿದ್ದರಿಂದಲೇ ನಮ್ಮ ಮನೆಯ ಅನಾಹುತ ಆದದ್ದು. ಕೇಪು ಹೊಡೆದೂ ಹಾರದಿದ್ದರೆ ಬಾಯಿಯನ್ನು ಜನ ಇಲ್ಲದ ಕಡೆಗೇ ಹಿಡಿದು ಎರಡು ಮೂರು ನಿಮಿಷ ಕಾಯಿರಿ. ಕೆಲವೊಮ್ಮೆ ತಡವಾಗಿ ಹಾರುತ್ತದೆ. ಆಮೇಲೆ ನೀರು ಬಿಟ್ಟು ಮದ್ದು ಪೂರಾ ನೆನೆಸಿ, ನಂತರ ಎಳೆಯಿರಿ. ಧೈರ್ಯ ಇಲ್ಲದಿದ್ದರೆ ರಿಪೇರಿಯವರಲ್ಲಿಗೇ ಒಯ್ಯಿರಿ.

4. ಕೇಪಿಗೆ ಬೇರೆ ಡಬ್ಬಿ. ಮದ್ದು ಒಂದು ಕಡೆ, ಕೇಪು ಇನ್ನೊಂದು ಕಡೆ, ಎರಡಕ್ಕೂ ಬೀಗ. ಮಳೆಗಾಲದಲ್ಲಿ ಒಣಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಮದ್ದು ಇಡುವ ಪದ್ಧತಿ ನಮ್ಮಲ್ಲೂ ಇತ್ತು. ಅಡಕೆಗೂ ಉಪ್ಪಿಗೂ ಅಟ್ಟ ಸರಿ, ಮದ್ದಿಗಲ್ಲ. ಮುದ್ದೆಗಟ್ಟಿದ ಮದ್ದನ್ನು ಒಣಗಿಸಿ ಬಳಸಲು ಹೋಗಬೇಡಿ, ಕೊಟ್ಟ ಅಂಗಡಿಯವರನ್ನೇ ಕೇಳಿ. ಕೇಪು ಹಾಕುವುದು ಯಾವಾಗಲೂ ಕೊನೆಯ ಕೆಲಸ, ಅದೂ ಗದ್ದೆಯಲ್ಲಿ, ಮನೆಯೊಳಗಲ್ಲ.

5. ಕನ್ನಡಕ. ಕಳೆ ಕೊಚ್ಚುವ ಯಂತ್ರಕ್ಕೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕನ್ನಡಕವೇ ಆಗುತ್ತದೆ. ಅಪ್ಪಯ್ಯನಿಗೆ ಅದು ಇದ್ದಿದ್ದರೆ ಅಂತ ಪ್ರತಿ ಸಲ ಹಾಕಿಕೊಳ್ಳುವಾಗ ನೆನಪಾಗ್ತದೆ.

6. ಒರೆಸುವ ಸಾಮಾನು. ಕರಿಮದ್ದಿನ ಮಸಿ ತೇವ ಎಳೆದು ಕಬ್ಬಿಣ ತಿನ್ನುತ್ತದೆ. ನಮ್ಮ ಮಳೆಗೆ ಎರಡೇ ದಿನ ಸಾಕು. ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಬೇಕು. ತುಕ್ಕು ತಿಂದ ನಳಿಗೆ ಸರಿ ಅಳತೆಗೂ ಒಡೆಯಬಹುದು.

ಕೊಳ್ಳಬಾರದ್ದು, ಮಾಡಬಾರದ್ದು

ಬಿಲ್ಲಿಲ್ಲದ ಮದ್ದು ಬೇಡ. ಲೈಸೆನ್ಸ್ ಇರುವ ಅಂಗಡಿಯಿಂದ, ನಿಮ್ಮ ಲೈಸೆನ್ಸಿನಲ್ಲಿ ಬರೆದ ಮಿತಿಯೊಳಗೆ ತನ್ನಿ. ತೋಟೆ ಒಡೆದು ಅದರ ಮದ್ದನ್ನು ಕೇಪಿನ ಕೋವಿಗೆ ಹಾಕುವವರಿದ್ದಾರೆ. ಆ ಮದ್ದಿನ ಜಾತಿಯೇ ಬೇರೆ, ಒತ್ತಡ ಬಹಳ ಹೆಚ್ಚು, ಹಳೆ ನಳಿಗೆ ಸೀಳಿಹೋಗುತ್ತದೆ. ದಾರಕಟ್ಟಿ ಹಂದಿಯ ಹಾದಿಯಲ್ಲಿ ಕೋವಿ ಕಟ್ಟುವುದಂತೂ ಕೂಡದು. ಆ ಹಾದಿಯಲ್ಲಿ ಸೊಪ್ಪಿಗೆ ಹೋಗುವ ಹೆಂಗಸರೂ, ದನ ಹುಡುಕುವ ಮಕ್ಕಳೂ ನಡೆಯುತ್ತಾರೆ.

ಬೆಳೆರಕ್ಷಣೆ ಲೈಸೆನ್ಸು ಪ್ರಾಣಿ ಕೊಲ್ಲುವ ಪರವಾನಗಿ ಅಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯಿದೆ ಬೇರೆ ಇದೆ. ನಾನು ಬರೀ ಮದ್ದು, ಕತ್ತ ಹಾಕಿ ಸದ್ದು ಮಾಡುತ್ತೇನೆ, ಗುಂಡು ಹಾಕುವುದಿಲ್ಲ. ಬೇಸಿಗೆಯಲ್ಲಿ ಹೊತ್ತಿದ ಕತ್ತ ಒಣಹುಲ್ಲಿಗೆ ಬೀಳದಂತೆ ನೋಡಬೇಕು. ನಮ್ಮ ನಿಟ್ಟೂರಿನ ಕಡೆಗೆ ಶರಾವತಿ ಕಣಿವೆ, ಮೂಕಾಂಬಿಕಾ ಎರಡೂ ಅಭಯಾರಣ್ಯ ಹತ್ತಿರ. ಅದೇ ಕಾಯಿದೆಯ 34ನೇ ಕಲಮಿನಂತೆ ಅಭಯಾರಣ್ಯದ ಒಳಗೆ ಅಥವಾ 10 ಕಿಲೋಮೀಟರ್ ಸುತ್ತ ಇರುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಆ ಸುತ್ತಿನಲ್ಲಿ ಹೊಸ ಲೈಸೆನ್ಸಿಗೂ ವನ್ಯಜೀವಿ ಮುಖ್ಯ ಪರಿಪಾಲಕರ ಒಪ್ಪಿಗೆ ಬೇಕು. ಅರ್ಜಿ ಹಾಕುವ ಮೊದಲೇ ವಿಚಾರಿಸಿ, ಇಲ್ಲದಿದ್ದರೆ ಹೊಸನಗರಕ್ಕೆ ಓಡಾಡಿದ ಬಸ್ಸಿನ ದುಡ್ಡು ದಂಡ.

ಚುನಾವಣೆ ಬಂದಾಗ ಕೋವಿ ಠಾಣೆಗೆ ಒಪ್ಪಿಸುವ ಕಷ್ಟ ನಮಗೆಲ್ಲ ಗೊತ್ತೇ ಇದೆ. ಒಪ್ಪಿಸುವ ಮುಂಚೆ ಕಡ್ಡಿ ಹಾಕಿ ‘ಖಾಲಿ’ ಗೆರೆ ನೋಡಿ, ಎಣ್ಣೆ ಹಚ್ಚಿ, ರಸೀದಿ ತೆಗೆದುಕೊಳ್ಳಿ. ವಾಪಸು ತಂದ ದಿನವೂ ಮೊದಲು ಕಡ್ಡಿಯನ್ನೇ ಹಾಕಿ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 3 ವರ್ಷದ ಬದಲು 5 ವರ್ಷ ಆಗಿದೆ. ಹಾಗಂತ ನವೀಕರಣದ ತಾರೀಕು ಮರೆಯಬೇಡಿ.

ಮಗನಿಗೆ ಇಷ್ಟನ್ನೂ ಹೇಳಿದೆ. ಯಂತ್ರದ ಮಾತು ಬಿಟ್ಟ. ಈಗ ನನ್ನ ಜತೆ ಕಾವಲಿಗೆ ಬರುತ್ತಾನೆ, ಲಾಟೀನು ಹಿಡಿಯುತ್ತಾನೆ. ಕೋವಿ ಅವನ ಕೈಗೆ ಕೊಡುವುದಿಲ್ಲ, ಲೈಸೆನ್ಸು ನನ್ನ ಹೆಸರಿನಲ್ಲಿದೆ. ಆದರೆ ಗೋಡೆಯಿಂದ ಕೋವಿ ಇಳಿಸಿದ ಕೂಡಲೇ ‘ಅಪ್ಪ, ಕಡ್ಡಿ’ ಅಂತ ಅವನೇ ನೆನಪು ಮಾಡ್ತಾನೆ. ನಿಮ್ಮ ಮನೆಯಲ್ಲಿ ಹಳೆ ಕೋವಿ ತೂಗುಹಾಕಿದ್ದರೆ ಈ ಲೇಖನ ಓದಿದ ಇವತ್ತೇ ಕೇಪು ತೆಗೆದಿದೆಯೋ ನೋಡಿ, ಕಡ್ಡಿ ಇಳಿಸಿ ನೋಡಿ. ಖಾಲಿ ಇದೆ ಅಂತ ನೆನಪಿನ ಮೇಲೆ ನಂಬಬೇಡಿ.