ಪಾಕ ಸ್ಪರ್ಧೆಯಿಂದ ಆಹಾರೋದ್ಯಮದವರೆಗೆ: ಗ್ರಾಮ ಪಂಚಾಯಿತಿ ಸದಸ್ಯರಿಗೊಂದು ಅಧ್ಯಯನ ಪಾಠ

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಸಾವಯವ ಹಾಗೂ ಸಿರಿಧಾನ್ಯ ಅಂತಾರಾಷ್ಟ್ರೀಯ ವಾಣಿಜ್ಯ ಮೇಳ ನಡೆಯಿತು. ಅದಕ್ಕೆ ಪೂರ್ವಭಾವಿಯಾಗಿ ಕೃಷಿ ಇಲಾಖೆಯು ಜಿಲ್ಲೆಗಳಲ್ಲಿ ಸಿರಿಧಾನ್ಯ ಹಾಗೂ ಮರೆತುಹೋದ ಖಾದ್ಯಗಳ ಪಾಕ ಸ್ಪರ್ಧೆಗಳನ್ನು ಏರ್ಪಡಿಸಿತ್ತು. ಅಜ್ಜಿಯರ ಕಾಲದ ತಿನಿಸುಗಳನ್ನು ಮತ್ತೆ ಜನರ ಮುಂದಿಡುವ ಇಂತಹ ಪ್ರಯತ್ನಗಳು ಸ್ವಾಗತಾರ್ಹವಾದವು. ಆದರೆ ಬಹುಮಾನ ವಿತರಣೆಯ ಮರುದಿನ ವಿಜೇತ ಮಹಿಳೆಯ ಕೈಯಲ್ಲಿ ಪ್ರಮಾಣಪತ್ರವೊಂದನ್ನು ಬಿಟ್ಟು ಬೇರೇನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಸ್ಥಳೀಯ ಸಂಸ್ಥೆಗಳು ಕೇಳಿಕೊಳ್ಳಬೇಕಾಗಿದೆ. ಗ್ರಾಮ ಪಂಚಾಯಿತಿಯು ತನ್ನ ವ್ಯಾಪ್ತಿಯಲ್ಲಿ ಸ್ಪರ್ಧೆ ನಡೆಸುವುದಾದರೆ, ಅದನ್ನು ಉದ್ಯಮದ ಮೊದಲ ಮೆಟ್ಟಿಲಾಗಿ ರೂಪಿಸುವುದು ಹೇಗೆ ಎಂಬುದೇ ಈ ಪಾಠದ ವಿಷಯ.

1. ಸ್ಪರ್ಧೆಗೂ ಉದ್ಯಮಕ್ಕೂ ಇರುವ ವ್ಯತ್ಯಾಸ

ಸ್ಪರ್ಧೆಯು ಒಂದು ದಿನದ ಒಂದು ತಟ್ಟೆಯನ್ನು ಅಳೆಯುತ್ತದೆ. ಗ್ರಾಹಕನಾದರೋ ನೂರನೆಯ ಪೊಟ್ಟಣದಲ್ಲಿಯೂ ಮೊದಲ ಪೊಟ್ಟಣದ ರುಚಿಯನ್ನೇ ಬಯಸುತ್ತಾನೆ. 1959ರಲ್ಲಿ ಮುಂಬೈಯಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಹಪ್ಪಳದ ಸಂಸ್ಥೆಯು ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಹಿಟ್ಟನ್ನು ಕೇಂದ್ರದಲ್ಲಿಯೇ ನಾದಿ ಸದಸ್ಯೆಯರಿಗೆ ಹಂಚಲಾಗುತ್ತದೆ. ಅವರು ಮನೆಗಳಲ್ಲಿ ಲಟ್ಟಿಸಿ, ಒಣಗಿಸಿ ತಂದೊಪ್ಪಿಸುತ್ತಾರೆ. ಲಟ್ಟಿಸುವ ಕೈಗಳು ಹಲವಾದರೂ ಅಳತೆ ಒಂದೇ. ‘ಕೈ ಅಂದಾಜು’ ಗ್ರಾಂ ಲೆಕ್ಕಕ್ಕೆ ಬಂದಾಗಲೇ ಮನೆಯ ಅಡುಗೆಯು ಮಾರುಕಟ್ಟೆಯ ಸರಕಾಗುತ್ತದೆ.

2. ಅಂಕಗಳ ಹಂಚಿಕೆ

ಯಾವುದಕ್ಕೆ ಅಂಕವಿದೆಯೋ ಅದನ್ನೇ ಸ್ಪರ್ಧಿಗಳು ಅಭ್ಯಾಸ ಮಾಡುತ್ತಾರೆ. ಆದುದರಿಂದ ಒಟ್ಟು 100 ಅಂಕಗಳನ್ನು ಈ ಕೆಳಕಂಡಂತೆ ಹಂಚುವುದು ಸೂಕ್ತ:

ರುಚಿ ಮತ್ತು ನೋಟ – 30
ಗುಣಮಟ್ಟದ ಏಕರೂಪತೆ – 20
ವೆಚ್ಚದ ಲೆಕ್ಕ – 20
ಬಾಳಿಕೆ ಮತ್ತು ಪೊಟ್ಟಣ – 15
ಶುಚಿತ್ವ – 15

ಏಕರೂಪತೆ ಹಾಗೂ ಬಾಳಿಕೆಯನ್ನು ಪರೀಕ್ಷಿಸಲು ಸರಳ ಉಪಾಯವೊಂದಿದೆ. ಚಟ್ನಿಪುಡಿ, ಹಪ್ಪಳ, ಖಡಕ್ ರೊಟ್ಟಿಯಂತಹ ಒಣ ಪದಾರ್ಥಗಳಾದರೆ, ಸ್ಪರ್ಧೆಗೆ 15 ದಿನ ಮೊದಲೇ ಮೊಹರು ಮಾಡಿದ ಪೊಟ್ಟಣವೊಂದನ್ನು ಪಂಚಾಯಿತಿ ಕಚೇರಿಗೆ ಒಪ್ಪಿಸುವಂತೆ ತಿಳಿಸಬೇಕು. ಸ್ಪರ್ಧೆಯ ದಿನ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ತೇವಾಂಶ ಕಡಿಮೆಯಿರುವ ಖಡಕ್ ರೊಟ್ಟಿಯು ಬಹುಕಾಲ ಉಳಿಯುತ್ತದೆ. ಸಜ್ಜೆ ಹಿಟ್ಟಾದರೋ ತನ್ನಲ್ಲಿರುವ ಕೊಬ್ಬಿನಂಶದಿಂದಾಗಿ ಬೇಗನೆ ಕಮಟು ವಾಸನೆ ಹಿಡಿಯುತ್ತದೆ. ಈ ಭೇದವು ಅಂಗಡಿಯಿಂದ ಸರಕು ಮರಳಿ ಬಂದ ಮೇಲೆ ತಿಳಿಯುವುದಕ್ಕಿಂತ ಸ್ಪರ್ಧೆಯಲ್ಲಿಯೇ ತಿಳಿಯುವುದು ಮೇಲು. ಈ ಹೋಲಿಕೆಯು ಪ್ರಯೋಗಾಲಯದ ಪರೀಕ್ಷೆಗೆ ಬದಲಿಯಲ್ಲ ಎಂಬುದನ್ನೂ ಸ್ಪರ್ಧಿಗಳಿಗೆ ತಿಳಿಸಬೇಕು.

3. ದುಡಿಮೆಯೂ ವೆಚ್ಚವೇ

ಲೆಕ್ಕದ ಅನುಕೂಲಕ್ಕಾಗಿ ಒಂದು ಕಿಲೋ ಶೇಂಗಾ ಚಟ್ನಿಪುಡಿಗೆ ಸಾಮಗ್ರಿ 180 ರೂ., ಇಂಧನ ಮತ್ತು ಪೊಟ್ಟಣ 40 ರೂ., ಎರಡು ಗಂಟೆಯ ದುಡಿಮೆ 120 ರೂ. ಎಂದು ಭಾವಿಸಬಹುದು. ಒಟ್ಟು ವೆಚ್ಚ 340 ರೂ. ಆಗುತ್ತದೆ. ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದ ಮಹಿಳೆಗೆ ವೆಚ್ಚ 220 ರೂ. ಎಂದೇ ತೋರುತ್ತದೆ. ಆಕೆ 280 ರೂ.ಗೆ ಮಾರಿ 60 ರೂ. ಲಾಭವಾಯಿತೆಂದು ತಿಳಿಯುತ್ತಾಳೆ, ವಾಸ್ತವದಲ್ಲಿ ಆಗಿರುವುದು 60 ರೂ. ನಷ್ಟ. ಶೇಂಗಾವನ್ನು ಹುರಿದು ಸಿಪ್ಪೆ ತೆಗೆದಾಗ ತೂಕ ಇಳಿಯುವುದರಿಂದ, ಕೊಂಡ ಕಾಳಿನ ಬದಲು ತಯಾರಾದ ಪುಡಿಯ ತೂಕಕ್ಕೇ ದರ ಕಟ್ಟಬೇಕು. ಮನೆಯಲ್ಲಿ ಬೆಲೆಯಿಲ್ಲದೆ ನಡೆದ ದುಡಿಮೆಯು ವ್ಯಾಪಾರದಲ್ಲಿಯೂ ಬೆಲೆಯಿಲ್ಲದೆ ಮುಂದುವರಿದರೆ, ಆ ಉದ್ಯಮದಿಂದ ಮಹಿಳೆಗೆ ದೊರೆಯುವುದು ಹೆಚ್ಚಿನ ದಣಿವು ಮಾತ್ರ. ವೆಚ್ಚದ ಹಾಳೆಯಲ್ಲಿ ‘ನನ್ನ ದುಡಿಮೆ’ ಎಂಬ ಸಾಲು ಕಡ್ಡಾಯವಾಗಿರಬೇಕು. ಅದನ್ನು ಖಾಲಿ ಬಿಟ್ಟವರಿಗೆ ಅಂಕ ಕಡಿತಗೊಳಿಸಬೇಕು.

4. ಯಾರ ಕೈಯಡುಗೆ ಎಂಬ ಪ್ರಶ್ನೆ

ಗ್ರಾಮದಲ್ಲಿ ಅಡುಗೆಯ ವಿಷಯವು ಜಾತಿಯ ವಿಷಯವೂ ಆಗಿಬಿಡುತ್ತದೆ. ಸಂವಿಧಾನದ 17ನೇ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿದ್ದರೂ, ತೀರ್ಪುಗಾರರು ಕೆಲವರ ತಟ್ಟೆಯನ್ನು ಮುಟ್ಟದೆ ಮುಂದೆ ಸಾಗಿದರೆ ಸ್ಪರ್ಧೆಯೇ ಅವಮಾನದ ವೇದಿಕೆಯಾಗುತ್ತದೆ. ಆದುದರಿಂದ ತಟ್ಟೆಗಳ ಮೇಲೆ ಹೆಸರಿನ ಬದಲು ಸಂಖ್ಯೆ ಮಾತ್ರ ಇರಬೇಕು. ಎಲ್ಲ ತೀರ್ಪುಗಾರರೂ ಎಲ್ಲ ತಟ್ಟೆಗಳ ರುಚಿ ನೋಡಬೇಕೆಂಬ ಷರತ್ತನ್ನು ಮೊದಲೇ ವಿಧಿಸಬೇಕು. ಸದಸ್ಯರ ಬಂಧುಗಳು ಸ್ಪರ್ಧಿಗಳಾಗಿದ್ದಲ್ಲಿ ಆ ಸದಸ್ಯರು ತೀರ್ಪಿನಿಂದ ದೂರವಿರುವುದು ಉಚಿತ. ಎಲ್ಲಕ್ಕಿಂತ ಮಿಗಿಲಾಗಿ, ಬಹುಮಾನಿತ ತಿನಿಸನ್ನು ಸದಸ್ಯರೇ ಸಾರ್ವಜನಿಕವಾಗಿ ಕೊಂಡು ತಿನ್ನಬೇಕು. ಆಕೆಯ ಅಂಗಡಿಗೆ ನಾಳೆ ಗ್ರಾಹಕರು ಬರುವರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಕ್ಷಣದಲ್ಲಿ ತೀರ್ಮಾನವಾಗುತ್ತದೆ.

5. ಸ್ಪರ್ಧೆಯ ನಂತರದ ಹೆಜ್ಜೆಗಳು

ನೋಂದಣಿ: ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಅನ್ವಯ ಮನೆಯಲ್ಲಿ ತಯಾರಿಸಿ ಮಾರುವವರಿಗೂ ನೋಂದಣಿ ಅಗತ್ಯ. 2011ರ ವಿನಿಯಮಗಳು ವಾರ್ಷಿಕ ವಹಿವಾಟು 12 ಲಕ್ಷ ರೂ. ಮೀರದ ಕಿರು ವ್ಯಾಪಾರಿಗಳಿಗೆ ವರ್ಷಕ್ಕೆ 100 ರೂ. ಶುಲ್ಕದ ಸರಳ ನೋಂದಣಿಯನ್ನು ಕಲ್ಪಿಸಿದವು. ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ಮಿತಿ ಹಾಗೂ ಶುಲ್ಕವನ್ನು ಜಾಲತಾಣದಲ್ಲಿ ಪರಿಶೀಲಿಸಿ, ಸ್ಪರ್ಧೆಯ ಸ್ಥಳದಲ್ಲಿಯೇ ಅರ್ಜಿ ತುಂಬಿಸಲು ಒಂದು ಮೇಜನ್ನು ಮೀಸಲಿಡಬಹುದು.

ಚೀಟಿ: ಪೊಟ್ಟಣದ ಮೇಲೆ ಹೆಸರು, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಕೆಯ ಹಾಗೂ ಬಳಕೆಯ ಅಂತಿಮ ದಿನಾಂಕ, ವಿಳಾಸ, ಗರಿಷ್ಠ ಮಾರಾಟ ಬೆಲೆ, ನೋಂದಣಿ ಸಂಖ್ಯೆ, ಸಸ್ಯಾಹಾರದ ಚಿಹ್ನೆ ಇರಬೇಕು. ಶೇಂಗಾ ಕೆಲವರಿಗೆ ಅಲರ್ಜಿ ಉಂಟುಮಾಡುವುದರಿಂದ ಅದನ್ನೂ ನಮೂದಿಸಬೇಕು.

ಬಂಡವಾಳ: 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆಯು ಬ್ಯಾಂಕ್ ಸಾಲಕ್ಕೆ ಜೋಡಿಸಿದಂತೆ ಶೇ 35ರ, ಗರಿಷ್ಠ 10 ಲಕ್ಷ ರೂ.ಗಳ ಸಹಾಯಧನವನ್ನು ರೂಪಿಸಿತು. ಆಹಾರ ಸಂಸ್ಕರಣೆಯಲ್ಲಿ ತೊಡಗಿದ ಸ್ವಸಹಾಯ ಗುಂಪಿನ ಪ್ರತಿ ಸದಸ್ಯೆಗೆ 40,000 ರೂ.ವರೆಗೆ ಬೀಜಧನವನ್ನೂ ಅದು ಒಳಗೊಂಡಿದೆ. ರಾಜ್ಯದಲ್ಲಿ ಕೆಪೆಕ್ ಸಂಸ್ಥೆಯು ಇದರ ಅನುಷ್ಠಾನ ಸಂಸ್ಥೆಯಾಗಿದೆ. ಅರ್ಜಿಗೆ ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಯನ್ನೂ ಬ್ಯಾಂಕಿನ ಅಧಿಕಾರಿಯನ್ನೂ ಸ್ಪರ್ಧೆಗೆ ಆಹ್ವಾನಿಸಬೇಕು.

ಮಾರುಕಟ್ಟೆ: ಸಂತೆಯಲ್ಲಿ ಒಂದು ಮಳಿಗೆ, ಪಂಚಾಯಿತಿ ಸಭೆಗಳ ಉಪಾಹಾರದ ಬೇಡಿಕೆ, ಸಂಜೀವಿನಿ ಒಕ್ಕೂಟದ ಮೂಲಕ ಮೇಳಗಳಲ್ಲಿ ಅವಕಾಶ, ಇವು ನಗದು ಬಹುಮಾನಕ್ಕಿಂತ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತವೆ.

6. ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

ಅ) ಪಂಚಾಯಿತಿ ವ್ಯಾಪ್ತಿಯಲ್ಲಿ ಈ ಹಿಂದೆ ಬಹುಮಾನ ಪಡೆದ ಮಹಿಳೆಯರಲ್ಲಿ ಎಷ್ಟು ಮಂದಿ ಇಂದು ಮಾರಾಟ ಮಾಡುತ್ತಿದ್ದಾರೆ?
ಆ) ಸಂತೆಯ ಮಳಿಗೆಯನ್ನು ಎಷ್ಟು ತಿಂಗಳ ಕಾಲ, ಯಾವ ಷರತ್ತಿನ ಮೇಲೆ ನೀಡಬಹುದು?
ಇ) ಸ್ಪರ್ಧೆ ಮುಗಿದ ಮೂರನೆಯ ಹಾಗೂ ಆರನೆಯ ತಿಂಗಳಲ್ಲಿ ವಿಜೇತರ ಲೆಕ್ಕಪುಸ್ತಕವನ್ನು ನೋಡಿ ಸಲಹೆ ನೀಡುವ ಹೊಣೆ ಯಾರದು?

ಮೂರನೆಯ ಪ್ರಶ್ನೆಗೆ ಉತ್ತರವನ್ನು ನಿಗದಿಪಡಿಸಿದ ನಂತರವೇ ಸ್ಪರ್ಧೆಯ ದಿನಾಂಕವನ್ನು ನಿಗದಿಪಡಿಸುವುದು ಒಳಿತು.