ಸ್ವತಂತ್ರ ಪಕ್ಷ: ಪಕ್ಷ ಸೋತರೂ ವಿಚಾರ ಉಳಿಯಿತು

1991 ಎಂದ ಕೂಡಲೇ ವಾಣಿಜ್ಯ ವಿಭಾಗದ ನಮಗೆಲ್ಲ ಉದಾರೀಕರಣ, ಖಾಸಗೀಕರಣ, ಜಾಗತೀಕರಣ ಎಂಬ ಮೂರು ಪದಗಳು ನೆನಪಾಗುತ್ತವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಸರ್ಕಾರದ ಹಿಡಿತ ಸಡಿಲವಾಗಬೇಕೆಂದು ಅದಕ್ಕೂ 32 ವರ್ಷ ಮೊದಲೇ ಹೇಳಿದ ಪಕ್ಷವೊಂದಿತ್ತು. ಅದರ ಬಗ್ಗೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವ್ಯಕ್ತಿಯ ಬದುಕು, ದುಡಿಮೆ, ಆಸ್ತಿಯಲ್ಲಿ ಸರ್ಕಾರ ಆದಷ್ಟು ಕಡಿಮೆ ಕೈ ಹಾಕಬೇಕು ಎಂಬುದೇ ಸ್ವಾತಂತ್ರ್ಯವಾದ. ನಮ್ಮ ಮನೆಯ ಉರ್ದುವಿನಲ್ಲಿ ‘ಮರ್ಜಿ’ ಎಂದರೆ ಸ್ವಂತ ಇಚ್ಛೆ. ಕನ್ನಡದಲ್ಲಿ ‘ಮರ್ಜಿ ಕಾಯುವುದು’ ಎಂದರೆ ಇನ್ನೊಬ್ಬರ ಇಚ್ಛೆಗಾಗಿ ಕಾದು ನಿಲ್ಲುವುದು. ಈ ಎರಡು ಅರ್ಥಗಳ ವ್ಯತ್ಯಾಸ ತಿಳಿದರೆ ವಾದವೂ ಅರ್ಥವಾಗುತ್ತದೆ.

1951ರ ಕೈಗಾರಿಕಾ ಕಾಯಿದೆಯಿಂದ ಅನೇಕ ಉದ್ಯಮಗಳಲ್ಲಿ ದೊಡ್ಡ ಕಾರ್ಖಾನೆ ತೆರೆಯಲು, ವಿಸ್ತರಿಸಲು ಕೇಂದ್ರದ ಲೈಸೆನ್ಸ್ ಬೇಕಾಯಿತು. 1959ರ ಜನವರಿಯಲ್ಲಿ ಕಾಂಗ್ರೆಸ್ಸಿನ ನಾಗಪುರ ಅಧಿವೇಶನ ಸಹಕಾರಿ ಜಂಟಿ ಬೇಸಾಯದ ನಿರ್ಣಯ ಮಾಡಿತು. ಇದರಿಂದ ರೈತನ ಜಮೀನು ಕೈತಪ್ಪುತ್ತದೆ ಎಂದು ವಿರೋಧಿಸಿ ಅದೇ ವರ್ಷ ರಾಜಾಜಿ, ಎನ್.ಜಿ. ರಂಗಾ, ಮಿನೂ ಮಸಾನಿ ಮುಂತಾದವರು ಸ್ವತಂತ್ರ ಪಕ್ಷ ಕಟ್ಟಿದರು. ರಾಜಾಜಿಗೆ ಆಗ 80 ವರ್ಷ. ‘ಲೈಸೆನ್ಸ್-ಪರ್ಮಿಟ್ ರಾಜ್’ ಎಂಬ ಮಾತು ಅವರಿಂದಲೇ ಪ್ರಚಾರಕ್ಕೆ ಬಂತು.

ಪಕ್ಷದ ಮೂಲತತ್ವಗಳಿಗೆ ಸೇರದ ವಿಷಯಗಳಲ್ಲಿ ಸದಸ್ಯರು ತಮ್ಮ ಅಭಿಪ್ರಾಯದಂತೆ ನಡೆಯಬಹುದಿತ್ತು. ಇಂದು 1985ರ ಪಕ್ಷಾಂತರ ನಿಷೇಧ ಕಾಯಿದೆಯಡಿ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು.

ಲೋಕಸಭೆಯಲ್ಲಿ 1962ರಲ್ಲಿ 18 ಸ್ಥಾನ, 1967ರಲ್ಲಿ 44 ಸ್ಥಾನ ಪಡೆದು ಅದು ಅತಿದೊಡ್ಡ ವಿರೋಧ ಪಕ್ಷವಾಯಿತು. 1971ರಲ್ಲಿ ಎಂಟಕ್ಕೆ ಇಳಿಯಿತು. 1974ರಲ್ಲಿ ಭಾರತೀಯ ಲೋಕದಳದಲ್ಲಿ ಸೇರಿಹೋಯಿತು.

ಸೋತದ್ದೇಕೆ? 1971ರಲ್ಲಿ ಇಂದಿರಾ ಗಾಂಧಿಯವರ ಘೋಷಣೆ ‘ಗರೀಬಿ ಹಟಾವೋ’. ಸ್ವತಂತ್ರ ಪಕ್ಷದಲ್ಲೋ ಮಾಜಿ ರಾಜಮನೆತನದವರು, ಉದ್ಯಮಿಗಳು ಎದ್ದು ಕಾಣುತ್ತಿದ್ದರು. ಆಸ್ತಿಯ ಸ್ವಾತಂತ್ರ್ಯ ಎಂದರೆ ಆಸ್ತಿಯೇ ಇಲ್ಲದ ಕೂಲಿಗಾರನಿಗೆ ಏನು ಸಿಕ್ಕಿತು? ಈ ಪ್ರಶ್ನೆಗೆ ಅವನಿಗೆ ಒಪ್ಪುವ ಉತ್ತರ ಆ ಪಕ್ಷದಿಂದ ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ.

1991ರ ಜುಲೈನಲ್ಲಿ ಬಹುತೇಕ ಉದ್ಯಮಗಳಿಗೆ ಲೈಸೆನ್ಸ್ ರದ್ದು ಮಾಡಿದ್ದು ಅದೇ ಕಾಂಗ್ರೆಸ್ಸಿನ ಸರ್ಕಾರ. ವಿಚಾರ ಗೆಲ್ಲಲು ತನ್ನದೇ ಪಕ್ಷ ಗೆಲ್ಲಬೇಕೆಂದಿಲ್ಲ. ಆದರೆ ಬೇರೆಯವರು ಎತ್ತಿಕೊಂಡಾಗ ತಮಗೆ ಬೇಕಾದ ಅರ್ಧವನ್ನಷ್ಟೇ ಎತ್ತಿಕೊಳ್ಳುತ್ತಾರೆ. ಅಂಗಡಿಗೆ ಸರ್ಕಾರ ಬರಬಾರದು ಎನ್ನುವವರೇ ಪಕ್ಕದ ಮನೆಯ ಅಡುಗೆ, ಉಡುಪು, ಪ್ರಾರ್ಥನೆಯ ವಿಚಾರಕ್ಕೆ ಸರ್ಕಾರವನ್ನು ಕರೆಯುವುದುಂಟು. ಸಂಖ್ಯೆಯಲ್ಲಿ ಕಡಿಮೆ ಇರುವವರಿಗೆ ಉಳಿದ ಅರ್ಧವೇ ಹೆಚ್ಚು ಮುಖ್ಯ.

ಹಾಗೆಂದು ಸರ್ಕಾರವೇ ಬೇಡ ಎನ್ನಲಾರೆ. ವಿದ್ಯಾರ್ಥಿವೇತನವಿಲ್ಲದೆ ಓದು ಮುಂದುವರಿಸಲಾಗದ ಗೆಳೆಯರು ನಮ್ಮ ತರಗತಿಯಲ್ಲೇ ಇದ್ದಾರೆ.

ಮುಂದಿನ ವರ್ಷ ನಮ್ಮಲ್ಲಿ ಹಲವರಿಗೆ 18 ತುಂಬುತ್ತದೆ. ಯಾವುದೇ ಪಕ್ಷದ ಪ್ರಣಾಳಿಕೆ ಕೈಗೆ ಬಂದಾಗ ಎರಡು ಪ್ರಶ್ನೆ ಕೇಳೋಣ: ಇದು ಯಾರ ಸ್ವಾತಂತ್ರ್ಯವನ್ನು ಹೆಚ್ಚಿಸುತ್ತದೆ? ಯಾರನ್ನು ಮರ್ಜಿ ಕಾಯುವಂತೆ ಮಾಡುತ್ತದೆ?